ಬೆಟ್ಟ ಉಳಿದರೆ ಬಯಲಿಗೆ ಬಾಳು



“ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ” ಎಂಬ ಗಾದೆಯನ್ನು ನೀವೆಲ್ಲರೂ ಬಲ್ಲಿರಿ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ಉತ್ತು ಬಿತ್ತುವ ನಮಗೆ ಸಕಲೇಶಪುರ, ಮೂಡಿಗೆರೆ, ಕೊಡಗಿನ ಬೆಟ್ಟಗಳು ಪಡುವಣ ದಿಕ್ಕಿನ ನೀಲಿಯ ಗೆರೆಗಳು ಮಾತ್ರ. ಅಲ್ಲಿ ಕಾಡು ಕರಗಿದರೆ, ಗುಡ್ಡ ಜರಿದರೆ, ಮನೆ ಬಿದ್ದರೆ “ಪಾಪ, ಅದು ಮಲೆನಾಡಿನವರ ಕಷ್ಟ” ಎಂದು ಮರುಗಿ ಸುಮ್ಮನಾಗುತ್ತೇವೆ. ಆದರೆ ಆ ಕಷ್ಟ ಅಲ್ಲಿಯೇ ನಿಲ್ಲುವುದಿಲ್ಲ. ಅದು ಹೊಳೆಯಲ್ಲಿ ಇಳಿದು, ಕಾಲುವೆಯಲ್ಲಿ ಹರಿದು ನಮ್ಮ ಗದ್ದೆಯ ಬದುವಿನವರೆಗೆ ಬರುತ್ತದೆ. ಅದು ಹೇಗೆ ಬರುತ್ತದೆ, ಅದಕ್ಕೆ ನಾವು ಏನು ಮಾಡಬಹುದು ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ.

ನಮ್ಮ ನೀರಿನ ತವರು

ಹೇಮಾವತಿಯು ಮೂಡಿಗೆರೆ ತಾಲ್ಲೂಕಿನ ಬಲ್ಲಾಳರಾಯನ ದುರ್ಗದ ಬೆಟ್ಟಗಳ ಬಳಿ ಹುಟ್ಟುತ್ತದೆ. ಸಕಲೇಶಪುರವನ್ನು ಹಾದು, ಗೊರೂರಿನ ಹತ್ತಿರ ಯಗಚಿಯನ್ನು ಕೂಡಿಕೊಂಡು, ಹೊಳೆನರಸೀಪುರದ ಮಗ್ಗುಲಲ್ಲಿ ಹರಿದು, ಸುಮಾರು 245 ಕಿಲೋಮೀಟರು ನಡೆದು ಕನ್ನಂಬಾಡಿ ಕಟ್ಟೆಯ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ. ಗೊರೂರಿನ ಅಣೆಕಟ್ಟು 1979ರಲ್ಲಿ ಮುಗಿಯಿತು. ಅದರಲ್ಲಿ ಸುಮಾರು 37 ಟಿ.ಎಂ.ಸಿ. ಅಡಿ ನೀರು ನಿಲ್ಲುತ್ತದೆ. ಎಡದಂಡೆ ನಾಲೆಯ ನೀರು ಚನ್ನರಾಯಪಟ್ಟಣ ಸೀಮೆಗೆ ಬರುತ್ತದೆ. ಅಲ್ಲಿಂದ ಬಾಗೂರು–ನವಿಲೆ ಸುರಂಗವನ್ನು ಹಾದು ತುಮಕೂರು ಕಡೆಗೂ ಹೋಗುತ್ತದೆ. ಹೊಳೆನರಸೀಪುರ ತಾಲ್ಲೂಕಿನ ಶ್ರೀರಾಮದೇವರ ಕಟ್ಟೆಯ ಕಾಲುವೆಗಳಿಗೂ ಇದೇ ಹೊಳೆಯ ನೀರು.

ಅರಕಲಗೂಡಿನವರಿಗೆ ಇನ್ನೂ ಎರಡು ತವರುಗಳಿವೆ. ತಲಕಾವೇರಿಯಲ್ಲಿ ಹುಟ್ಟಿದ ಕಾವೇರಿಯು ಕೊಡಗನ್ನು ದಾಟಿ ಕೊಣನೂರು, ರಾಮನಾಥಪುರಗಳನ್ನು ಮುಟ್ಟುತ್ತದೆ. ಪುಷ್ಪಗಿರಿಯ ಕಡೆಯಿಂದ ಇಳಿಯುವ ಹಾರಂಗಿಯ ನೀರು ಜಲಾಶಯದಲ್ಲಿ ನಿಂತು, ನಾಲೆಯ ಮೂಲಕ ಈ ತಾಲ್ಲೂಕಿನ ಹೊಲಗಳಿಗೆ ಬರುತ್ತದೆ.

ಇನ್ನು ಮಳೆಯ ಲೆಕ್ಕ ನೋಡಿರಿ. ಚನ್ನರಾಯಪಟ್ಟಣದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 700 ಮಿಲಿಮೀಟರು. ಸಕಲೇಶಪುರದಲ್ಲಿ ಬೀಳುವುದು 2000 ಮಿಲಿಮೀಟರನ್ನು ಮೀರುತ್ತದೆ. ಅಂದರೆ ಒಂದೇ ಜಿಲ್ಲೆಯೊಳಗೆ ಒಂದು ಮೂಲೆಗೆ ಬೀಳುವ ಮಳೆ ಮತ್ತೊಂದು ಮೂಲೆಗಿಂತ ಸುಮಾರು ಮೂರು ಪಟ್ಟು. ನಮ್ಮ ಬಯಲಿಗೆ ಆಕಾಶ ಕೊಡದ ನೀರನ್ನು ಬೆಟ್ಟ ಕೊಡುತ್ತಿದೆ. ಸಕಲೇಶಪುರ ತಾಲ್ಲೂಕಿನ ಬಿಸಿಲೆಯ ದಾರಿಯಲ್ಲಿ, ಮಂಕನಹಳ್ಳಿಯ ಬಳಿ, ಒಂದು ಗುರುತಿನ ಕಟ್ಟೆಯಿದೆ. ಅದರ ಒಂದು ಮಗ್ಗುಲಿಗೆ ಬಿದ್ದ ಮಳೆ ಪಡುವಣಕ್ಕಿಳಿದು ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಇನ್ನೊಂದು ಮಗ್ಗುಲಿಗೆ ಬಿದ್ದದ್ದು ಹೇಮಾವತಿ, ಕಾವೇರಿಗಳ ಮೂಲಕ ಬಂಗಾಳ ಕೊಲ್ಲಿಗೆ ಸಾಗುತ್ತದೆ. ನಮ್ಮ ಪಾಲಿನ ನೀರು ಈ ಎರಡನೆಯದು.

ಬೆಟ್ಟದ ಕಾಡು ಏನು ಕೆಲಸ ಮಾಡುತ್ತದೆ?

ಒಂದು ಎಕರೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಒಂದು ಲಕ್ಷ ಲೀಟರಿಗಿಂತ ಹೆಚ್ಚು ನೀರು ಬಿದ್ದಂತಾಯಿತು. ಮಲೆನಾಡಿನ ಜೋರು ಮಳೆಯಲ್ಲಿ ಒಂದೇ ದಿನಕ್ಕೆ ಹಲವು ಅಂಗುಲ ಬೀಳುವುದುಂಟು. ಇಷ್ಟು ನೀರು ಕಡಿದಾದ ಇಳಿಜಾರಿನಲ್ಲಿ ತಡೆಯಿಲ್ಲದೆ ಓಡಿದರೆ ಏನಾಗುತ್ತದೆಂಬುದನ್ನು ನೀವೇ ಪರೀಕ್ಷಿಸಿ ನೋಡಬಹುದು. ಶಾಲೆಯ ಮಕ್ಕಳೂ ಇದನ್ನು ಮಾಡಬಹುದು.

ಒಂದು ಹಳೆಯ ಎಣ್ಣೆ ಡಬ್ಬವನ್ನು ಉದ್ದಕ್ಕೆ ಸೀಳಿ ಎರಡು ತೊಟ್ಟಿ ಮಾಡಿರಿ. ಒಂದರಲ್ಲಿ ಬರಿಯ ಹೊಲದ ಮಣ್ಣು ತುಂಬಿರಿ. ಇನ್ನೊಂದರಲ್ಲಿ ಬೇರುಸಹಿತ ಕಿತ್ತ ಹುಲ್ಲಿನ ಹೆಂಟೆಯನ್ನು ಒತ್ತಿ ಕೂರಿಸಿ, ಮೇಲೆ ಒಣಗಿದ ಎಲೆ ಹರಡಿರಿ. ಎರಡರ ಒಂದೊಂದು ತುದಿಗೂ ಒಂದೊಂದು ಇಟ್ಟಿಗೆ ಕೊಟ್ಟು ಇಳಿಜಾರು ಮಾಡಿ, ಕೆಳತುದಿಯಲ್ಲಿ ತೂತು ಕೊರೆದು ಗಾಜಿನ ಲೋಟ ಇಡಿರಿ. ಈಗ ಎರಡಕ್ಕೂ ಒಂದೊಂದು ಚೊಂಬು ನೀರನ್ನು ಸಮನಾಗಿ ಚಿಮುಕಿಸಿರಿ. ಬರಿಯ ಮಣ್ಣಿನ ತೊಟ್ಟಿಯಿಂದ ನೀರು ಬೇಗನೆ, ಕೆಂಪಾಗಿ ಇಳಿಯುತ್ತದೆ. ಹುಲ್ಲಿನ ತೊಟ್ಟಿಯಿಂದ ತಡವಾಗಿ, ಕಡಿಮೆಯಾಗಿ, ತಿಳಿಯಾಗಿ ಇಳಿಯುತ್ತದೆ. ಮಳೆ ನಿಂತ ಮೇಲೂ ತೊಟ್ಟಿಕ್ಕುತ್ತಿರುತ್ತದೆ.

ಬೆಟ್ಟದ ಕಾಡು ಮತ್ತು ಹುಲ್ಲುಗಾವಲು ಮಾಡುವ ಕೆಲಸವೂ ಇದೇ. ಎಲೆಗಳು ಹನಿಯ ಪೆಟ್ಟನ್ನು ತಡೆಯುತ್ತವೆ. ತರಗು ನೀರನ್ನು ಹೀರುತ್ತದೆ. ಬೇರು ಮಣ್ಣಿನೊಳಗೆ ದಾರಿ ಬಿಡಿಸಿ ನೀರನ್ನು ಕೆಳಗಿಳಿಸುತ್ತದೆ. ಹೀಗೆ ಇಳಿದ ನೀರೇ ಮಳೆಗಾಲ ಕಳೆದ ಮೇಲೆ ಝರಿಯಾಗಿ ಹೊರಟು ಹೊಳೆಯನ್ನು ಜೀವಂತವಾಗಿಡುತ್ತದೆ.

ತೊಟ್ಟಿಯಿಂದ ಇಳಿದ ಕೆಂಪು ನೀರನ್ನು ಮರೆಯಬೇಡಿರಿ. ಎಕರೆಯೊಂದರ ಮೇಲಿನ ಒಂದೇ ಒಂದು ಮಿಲಿಮೀಟರು ಮಣ್ಣು ತೊಳೆದು ಹೋದರೂ ಸುಮಾರು 5 ಟನ್ ಮಣ್ಣು ಹೋದಂತೆ. ಅದು ಮಾಯವಾಗುವುದಿಲ್ಲ. ಹೊಳೆಯ ತಳದಲ್ಲಿಯೂ ಜಲಾಶಯದ ತಳದಲ್ಲಿಯೂ ಹೂಳಾಗಿ ಕೂರುತ್ತದೆ. ಹೂಳು ಕೂತಷ್ಟು ಜಾಗದಲ್ಲಿ ನೀರು ನಿಲ್ಲಲಾರದು.

ಬೆಟ್ಟ ಏಕೆ ಜರಿಯುತ್ತದೆ?

2018ರ ಆಗಸ್ಟ್ ತಿಂಗಳಲ್ಲಿ ಕೊಡಗಿನ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ ಮೊದಲಾದ ಕಡೆ ಗುಡ್ಡಗಳು ಜರಿದು ಜನ, ಮನೆ, ತೋಟಗಳು ಮಣ್ಣುಪಾಲಾದವು. ಅದೇ ತಿಂಗಳು ಸಕಲೇಶಪುರ–ಸುಬ್ರಹ್ಮಣ್ಯ ರೈಲು ದಾರಿಯ ಮೇಲೆ ಅನೇಕ ಕಡೆ ಮಣ್ಣು ಬಿತ್ತು. 2019ರಲ್ಲಿ ವಿರಾಜಪೇಟೆ ತಾಲ್ಲೂಕಿನ ತೋರದಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಬೆಟ್ಟ ಕುಸಿದು ಪ್ರಾಣಹಾನಿಯಾಯಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಬಿತ್ತು. ಅದೇ ತಿಂಗಳ 30ರಂದು ನೆರೆಯ ಕೇರಳದ ವಯನಾಡಿನಲ್ಲಿ ಮುಂಡಕ್ಕೈ, ಚೂರಲ್‌ಮಲ ಗ್ರಾಮಗಳು ರಾತ್ರೋರಾತ್ರಿ ಕೊಚ್ಚಿಹೋಗಿ ಇನ್ನೂರಕ್ಕೂ ಹೆಚ್ಚು ಮಂದಿ ಮಡಿದರು.

ಕಾರಣ ಏನು? ಮೊದಲನೆಯದು ಮಳೆ. ತಿಂಗಳಿಡೀ ಬೀಳಬೇಕಾದ ಮಳೆ ಕೆಲವೇ ದಿನಗಳಲ್ಲಿ ಸುರಿಯುವುದು ಹೆಚ್ಚುತ್ತಿದೆ. ಭೂಮಿಯ ವಾತಾವರಣ ಬಿಸಿಯಾದಂತೆ ಗಾಳಿಯು ಹೆಚ್ಚು ತೇವವನ್ನು ಹೊರುತ್ತದೆ, ಸುರಿಸಿದಾಗ ಒಮ್ಮೆಗೇ ಸುರಿಸುತ್ತದೆ. ಎರಡನೆಯದು ಮಣ್ಣು. ಮಲೆನಾಡಿನ ಬೆಟ್ಟಗಳಲ್ಲಿ ಗಟ್ಟಿ ಬಂಡೆಯ ಮೇಲೆ ಆಳವಾದ ಸಡಿಲ ಮಣ್ಣು ಕೂತಿದೆ. ನೀರು ತುಂಬಿದಾಗ ಆ ಮಣ್ಣಿನ ತೂಕ ಹೆಚ್ಚುತ್ತದೆ, ಹಿಡಿತ ತಪ್ಪುತ್ತದೆ. ಅತಿ ಮಳೆಗೆ ದಟ್ಟ ಕಾಡಿರುವ ಇಳಿಜಾರೂ ಒಮ್ಮೊಮ್ಮೆ ಜಾರುವುದುಂಟು.

ಮೂರನೆಯದು ಮನುಷ್ಯನ ಕೈ. ಗೋಡೆಯ ಬುಡದ ಕಲ್ಲನ್ನು ಕಿತ್ತರೆ ಗೋಡೆ ನಿಲ್ಲುವುದೇ? ರಸ್ತೆಗೆ, ಮನೆಗೆ, ವಸತಿಗೃಹಕ್ಕೆ ಜಾಗ ಬೇಕೆಂದು ಬೆಟ್ಟದ ಬುಡವನ್ನು ನೆಟ್ಟಗೆ ಕಡಿದರೂ ಹಾಗೆಯೇ. ಮಳೆನೀರು ಹರಿಯುವ ಹಳ್ಳವನ್ನು ಮುಚ್ಚಿದರೆ ನೀರು ಮಣ್ಣಿನೊಳಕ್ಕೇ ನುಗ್ಗುತ್ತದೆ. 2018ರ ಕುಸಿತಗಳನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ತಜ್ಞರು, ರಸ್ತೆ ಮತ್ತು ಮನೆಗಳಿಗಾಗಿ ಇಳಿಜಾರನ್ನು ಕಡಿದದ್ದನ್ನು ಒಂದು ಮುಖ್ಯ ಕಾರಣವೆಂದು ಎತ್ತಿ ಹೇಳಿದರು. ಮಳೆಯನ್ನು ನಾವು ತಡೆಯಲಾರೆವು. ಗುದ್ದಲಿ ಎಲ್ಲಿ ಬೀಳಬೇಕು, ಎಲ್ಲಿ ಬೀಳಬಾರದು ಎಂಬುದು ಮಾತ್ರ ನಮ್ಮ ಕೈಯಲ್ಲಿದೆ.

ಅಲ್ಲಿನ ಮಣ್ಣು, ಇಲ್ಲಿನ ನಷ್ಟ

2018ರಲ್ಲಿ ಕೊಡಗಿನಲ್ಲಿ ಜರಿದ ಮಣ್ಣು ಹಾರಂಗಿ ಜಲಾಶಯಕ್ಕೆ ಹರಿದು ಬಂದಿತು. ಆಮೇಲೆ ಅಲ್ಲಿ ಹೂಳು ತೆಗೆಯುವ ಕೆಲಸಕ್ಕೆ ಸರ್ಕಾರ ಕೋಟಿಗಟ್ಟಲೆ ಹಣ ಗೊತ್ತುಪಡಿಸಬೇಕಾಯಿತು. ಆ ಜಲಾಶಯದ ನೀರಿನಲ್ಲಿ ಅರಕಲಗೂಡಿನ ರೈತನ ಪಾಲೂ ಇದೆ. 2018 ಮತ್ತು 2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ರಾಮನಾಥಪುರದ ಹೊಳೆದಂಡೆಯ ಮನೆಗಳಿಗೆ ನುಗ್ಗಿದ್ದನ್ನು ಅಲ್ಲಿಯವರು ಮರೆತಿಲ್ಲ. 2023ರಲ್ಲಿ ಇದಕ್ಕೆ ವಿರುದ್ಧವಾಯಿತು. ಮುಂಗಾರು ಕೈಕೊಟ್ಟು, ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಲಾಯಿತು. ಒಂದು ವರ್ಷ ಪ್ರವಾಹ, ಇನ್ನೊಂದು ವರ್ಷ ಬರ. ಇಂಥ ಕಾಲದಲ್ಲಿ ಜಲಾಶಯದಲ್ಲಿ ಹೂಳು ಕಡಿಮೆಯಿದ್ದು ನೀರು ಹೆಚ್ಚು ನಿಲ್ಲುವುದು ನಮಗೆ ಎಷ್ಟು ಮುಖ್ಯವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ನಷ್ಟ ನೀರಿನದು ಮಾತ್ರವಲ್ಲ. ಬೆಂಗಳೂರು–ಮಂಗಳೂರು ಹೆದ್ದಾರಿಯು ಚನ್ನರಾಯಪಟ್ಟಣ, ಹಾಸನ, ಸಕಲೇಶಪುರಗಳನ್ನು ಹಾದು ಶಿರಾಡಿ ಘಟ್ಟವನ್ನು ಇಳಿಯುತ್ತದೆ. 2024ರ ಜುಲೈನಲ್ಲಿ ಸಕಲೇಶಪುರದ ಬಳಿ ದೊಡ್ಡತಪ್ಪಲಿನಲ್ಲಿ ಮಣ್ಣು ಕುಸಿದು ಈ ದಾರಿ ಕಟ್ಟಿತು. ಅದೇ ತಿಂಗಳು ಕಡಗರವಳ್ಳಿ–ಎಡಕುಮೇರಿ ನಡುವೆ ರೈಲು ದಾರಿಯೂ ಕೆಟ್ಟು ಗಾಡಿಗಳು ನಿಂತವು. ಘಟ್ಟ ಮುಚ್ಚಿದರೆ ಕರಾವಳಿಗೆ ಹೋಗಬೇಕಾದ ನಮ್ಮ ತರಕಾರಿ, ಆಲೂಗೆಡ್ಡೆಗಳು ಲಾರಿಯಲ್ಲಿಯೇ ಬಾಡುತ್ತವೆ.

ಬೆಟ್ಟದ ಜನರ ಬವಣೆ

ಬೆಟ್ಟವೆಂದರೆ ಮರ, ಮಣ್ಣು ಮಾತ್ರವೆಂದು ತಿಳಿಯಬಾರದು. ಅಲ್ಲಿ ನಮ್ಮಂತೆಯೇ ರೈತರಿದ್ದಾರೆ. ಮನೆಗಳು ಒಂದಕ್ಕೊಂದು ದೂರ. ಮಳೆಗಾಲದಲ್ಲಿ ಹಳ್ಳ ಏರಿ ಕಾಲುಸಂಕ ಕೊಚ್ಚಿಹೋದರೆ ಶಾಲೆಯೂ ಇಲ್ಲ, ಸಂತೆಯೂ ಇಲ್ಲ. ಬಾಣಂತಿಯನ್ನು ಆಸ್ಪತ್ರೆಗೆ ಸಾಗಿಸುವುದೂ ಪ್ರಯಾಸ. ಕಾಫಿ, ಮೆಣಸಿನ ಬೆಲೆಯನ್ನು ದೂರ ದೇಶಗಳ ಪೇಟೆ ಗೊತ್ತುಮಾಡುತ್ತದೆ. ಹದ ತಪ್ಪಿದ ಮಳೆಗೆ ಹೂವು ಉದುರುತ್ತದೆ, ಕಾಯಿ ಕೊಳೆಯುತ್ತದೆ. ಕೂಲಿಗೆ ಆಳು ಸಿಕ್ಕುವುದಿಲ್ಲ. ಓದಿದ ಮಕ್ಕಳು ಬೆಂಗಳೂರು ಸೇರುತ್ತಾರೆ, ಮನೆಯಲ್ಲಿ ಮುದುಕರು ಉಳಿಯುತ್ತಾರೆ. ಹೀಗೆ ಸೋತ ಕುಟುಂಬ ತೋಟವನ್ನು ಮಾರುತ್ತದೆ. ಕೊಂಡವನಿಗೆ ಆ ಇಳಿಜಾರು ವಸತಿಗೃಹ ಕಟ್ಟುವ ನಿವೇಶನವಾಗಿ ಕಾಣಬಹುದು. ಬೆಟ್ಟದ ರೈತನಿಗೆ ಬದುಕು ಸಾಗದಿದ್ದರೆ ಬೆಟ್ಟಕ್ಕೂ ಉಳಿವಿಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಆನೆಯ ತೊಂದರೆಯಂತೂ ಸಕಲೇಶಪುರ, ಆಲೂರುಗಳಿಂದ ಅರಕಲಗೂಡಿನವರೆಗೂ ಇಳಿದಿದೆ. ಕಾಡು ತುಂಡು ತುಂಡಾಯಿತು. ತೋಟ, ರಸ್ತೆ, ಜಲಾಶಯಗಳು ಆನೆಗಳ ಹಳೆಯ ದಾರಿಯ ನಡುವೆ ಬಂದವು. ಒಂದು ರಾತ್ರಿಯಲ್ಲಿ ವರ್ಷದ ಭತ್ತ ಹೋಗುತ್ತದೆ. ತೋಟದ ಕೆಲಸಕ್ಕೆ ಹೊರಟ ಕೂಲಿಯವರ ಪ್ರಾಣವೂ ಹೋಗಿದೆ. 2012ರಲ್ಲಿ ವರದಿ ಕೊಟ್ಟ ಕರ್ನಾಟಕ ಆನೆ ಕಾರ್ಯಪಡೆಯು ಈ ಭಾಗದ ಆನೆಗಳನ್ನು ಹಿಡಿದು ಸಾಗಿಸಲು ಸಲಹೆ ಮಾಡಿತು. ಹಿಡಿದದ್ದೂ ಆಯಿತು, ಬೇರೆ ಆನೆಗಳು ಬಂದದ್ದೂ ಆಯಿತು. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯಲು ಹೋದ ದಸರಾ ಆನೆ ಅರ್ಜುನ ಕಾದಾಟದಲ್ಲಿ ಸತ್ತಿತು. ಹಿಡಿಯುವುದೊಂದರಿಂದಲೇ ಈ ಸಮಸ್ಯೆ ಮುಗಿಯದು. ಆನೆಗೆ ತಿರುಗಾಡಲು ಕಾಡೂ, ರೈತನಿಗೆ ತಡವಿಲ್ಲದ ಪರಿಹಾರವೂ, ಊರಿಗೆ ಮುನ್ಸೂಚನೆಯೂ ಒಟ್ಟಿಗೆ ಬೇಕು.

ಬೆಟ್ಟವನ್ನು ಕಾಯುವ ಬಗೆಯಲ್ಲಿ ಭಿನ್ನಾಭಿಪ್ರಾಯವೂ ಇದೆ. ಪಶ್ಚಿಮ ಘಟ್ಟಗಳ ಬಗ್ಗೆ ಮಾಧವ ಗಾಡ್ಗೀಳರ ಸಮಿತಿ 2011ರಲ್ಲಿ, ಕಸ್ತೂರಿರಂಗನ್ ಅವರ ಸಮಿತಿ 2013ರಲ್ಲಿ ವರದಿ ಕೊಟ್ಟವು. 2012ರಲ್ಲಿ ಈ ಘಟ್ಟಗಳ 39 ತಾಣಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಗಣಿ, ದೊಡ್ಡ ಕಟ್ಟಡಗಳಿಗೆ ಕಡಿವಾಣ ಬೇಕೆಂದು ಒಂದು ಕಡೆಯವರು ಹೇಳಿದರೆ, ತಮ್ಮ ಹೊಲ ಮನೆಗಳಿಗೂ ನಿರ್ಬಂಧ ಬರುವುದೆಂದು ಅನೇಕ ಗ್ರಾಮಸ್ಥರು ಅಂಜಿದರು. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯದ ಮಂತ್ರಿಮಂಡಲವು ಕಸ್ತೂರಿರಂಗನ್ ವರದಿಯನ್ನು ಒಪ್ಪದಿರಲು ತೀರ್ಮಾನಿಸಿತು. ವರದಿ ಬೇಡವೆಂದರೂ ಮಳೆ ಬರುವುದು ನಿಲ್ಲುವುದಿಲ್ಲ. ಅಲ್ಲಿಯ ಜನರನ್ನು ಕೇಳದೆ ಮಾಡಿದ ಕಟ್ಟಳೆಯೂ ನಡೆಯುವುದಿಲ್ಲ. ಎರಡನ್ನೂ ನೆನಪಿನಲ್ಲಿಟ್ಟು ದಾರಿ ಹುಡುಕಬೇಕಾಗಿದೆ.

ಸುಖೋಮಾಜ್ರಿ ಕಲಿಸಿದ ಪಾಠ

ಇಂಥ ದಾರಿಯನ್ನು ಕಂಡುಕೊಂಡ ಊರೊಂದು ನಮ್ಮ ದೇಶದಲ್ಲಿಯೇ ಇದೆ. ಚಂಡೀಗಢ ನಗರದಲ್ಲಿ 1958ರಲ್ಲಿ ಸುಖ್ನಾ ಎಂಬ ಕೆರೆಯನ್ನು ಕಟ್ಟಿದರು. ಕೆಲವೇ ವರ್ಷಗಳಲ್ಲಿ ಅದು ಹೂಳಿನಿಂದ ತುಂಬತೊಡಗಿತು. ಮಣ್ಣು ಎಲ್ಲಿಂದ ಬರುತ್ತಿದೆಯೆಂದು 1970ರ ದಶಕದಲ್ಲಿ ಹುಡುಕಿದಾಗ, ಶಿವಾಲಿಕ್ ಬೆಟ್ಟಗಳ ಸುಖೋಮಾಜ್ರಿ ಎಂಬ ಬಡ ಹಳ್ಳಿಯ ಸುತ್ತಲಿನ ಬೋಳು ಗುಡ್ಡಗಳು ಕಂಡವು. ಆಡು, ದನಗಳನ್ನು ಅಲ್ಲಿ ಮೇಯಿಸದೆ ಆ ಜನಕ್ಕೆ ಬೇರೆ ಗತಿಯಿರಲಿಲ್ಲ.

ಮೇಯಿಸಬೇಡಿ ಎಂದರೆ ಅವರು ಬಿಡುವರೇ? ಪಿ. ಆರ್. ಮಿಶ್ರಾ ಎಂಬ ಮಣ್ಣುಸಂರಕ್ಷಣೆಯ ತಜ್ಞರು ಗ್ರಾಮಸ್ಥರೊಡನೆ ಕೂತು ಬೇರೆ ಹಾದಿ ಹಿಡಿದರು. ಗುಡ್ಡದ ಸಂದಿಗಳಲ್ಲಿ ಸಣ್ಣ ಮಣ್ಣಿನ ಕಟ್ಟೆಗಳನ್ನು ಕಟ್ಟಿ, ನಿಂತ ನೀರನ್ನು ಹಳ್ಳಿಯ ಹೊಲಗಳಿಗೇ ಕೊಟ್ಟರು. ಭೂಮಿಯಿಲ್ಲದವರಿಗೂ ನೀರಿನಲ್ಲಿ ಪಾಲು ಇಟ್ಟರು. ಅದಕ್ಕೆ ಬದಲಾಗಿ ಊರವರೇ ಗುಡ್ಡಕ್ಕೆ ದನ ಬಿಡುವುದನ್ನು ನಿಲ್ಲಿಸಿ ಕೊಟ್ಟಿಗೆಯಲ್ಲಿ ಮೇವು ಹಾಕತೊಡಗಿದರು. ಗುಡ್ಡದಲ್ಲಿ ಹುಲ್ಲು ಬೆಳೆಯಿತು. ಊರಿಗೆ ಬೆಳೆ, ಹಾಲು ಬಂದವು. ಕೆಳಗಿನ ಕೆರೆಗೆ ಬರುವ ಹೂಳು ಬಹಳ ಇಳಿಯಿತು. ಅಮೆರಿಕದ ನ್ಯೂಯಾರ್ಕ್ ನಗರವೂ ಇದೇ ತತ್ತ್ವವನ್ನು ಹಿಡಿಯಿತು. ತನಗೆ ಕುಡಿಯುವ ನೀರು ಕೊಡುವ ಕ್ಯಾಟ್ಸ್‌ಕಿಲ್ ಬೆಟ್ಟಗಳ ರೈತರು ನೀರನ್ನು ನಿರ್ಮಲವಾಗಿಡಲು ಮಾಡುವ ಕೆಲಸಗಳಿಗೆ 1997ರ ಒಪ್ಪಂದದಂತೆ ನಗರವೇ ಹಣ ಕೊಡುತ್ತದೆ.

ಮೇಲಿನವನು ಬೆಟ್ಟ ಕಾದರೆ ಕೆಳಗಿನವನಿಗೆ ಲಾಭ. ಆ ಲಾಭದಲ್ಲಿ ಮೇಲಿನವನಿಗೂ ಪಾಲಿರಬೇಕು. ನಾಲೆಯ ನೀರುಂಡ ನಾವು ಬೆಟ್ಟದವರ ಕಾಲುಸಂಕ, ಶಾಲೆ, ಆನೆ ಪರಿಹಾರಗಳ ಬೇಡಿಕೆಗೆ ದನಿಗೂಡಿಸುವುದು ದಾನವಲ್ಲ, ಋಣ ತೀರಿಸುವ ಕೆಲಸ.

ನಾವು ಮಾಡಬಹುದಾದ ಕೆಲಸಗಳು

ನಮ್ಮ ತಾಲ್ಲೂಕುಗಳಲ್ಲಿಯೂ ಗುಡ್ಡಗಳಿವೆ, ದಿಣ್ಣೆಗಳಿವೆ. ಪ್ರತಿಯೊಂದು ಕೆರೆಗೂ ಅದರದೇ ಆದ ಒಂದು ಚಿಕ್ಕ ಬೆಟ್ಟಸೀಮೆಯಿದೆ. ದೊಡ್ಡ ಬೆಟ್ಟಕ್ಕೆ ಹೇಳುವ ಬುದ್ಧಿಯನ್ನು ಮೊದಲು ನಮ್ಮ ಊರಿನ ದಿಣ್ಣೆಯಲ್ಲಿ ಪಾಲಿಸೋಣ.

1. ಇಳಿಜಾರಿಗೆ ಅಡ್ಡಲಾಗಿ ಉಳಿರಿ. ಮೇಲಿಂದ ಕೆಳಕ್ಕೆ ಉತ್ತರೆ ಪ್ರತಿ ಸಾಲೂ ಮಣ್ಣು ಸಾಗಿಸುವ ಕಾಲುವೆಯಾಗುತ್ತದೆ. ಶುಂಠಿಯ ಪಟ್ಟೆಗಳನ್ನು ಇಳಿಜಾರಿನ ಉದ್ದಕ್ಕೆ ಎಳೆಯುವವರು ಇದನ್ನು ಮುಖ್ಯವಾಗಿ ಗಮನಿಸಬೇಕು.

2. ಬದುವಿನ ಮೇಲೆ ಲಾವಂಚ ನೆಡಿರಿ. ಗುಂಡ್ಲುಪೇಟೆ ಕಡೆಯ ರೈತರು ಬಹುಕಾಲದಿಂದ ಇದನ್ನು ಬದುವಿನಲ್ಲಿ ಬೆಳೆಸುತ್ತ ಬಂದಿದ್ದಾರೆ. ಇದರ ಬೇರು ನೇರವಾಗಿ ಆಳಕ್ಕಿಳಿದು ಮಣ್ಣನ್ನು ಹಿಡಿಯುತ್ತದೆ.

3. ಕೆರೆಯ ಮೇಲಿನ ದಿಣ್ಣೆಯನ್ನೂ ಗೋಮಾಳವನ್ನೂ ಬೋಳು ಬಿಡಬೇಡಿರಿ. ಊರವರು ಒಪ್ಪಿ ಒಂದೊಂದು ಭಾಗವನ್ನು ಸರದಿಯಂತೆ ಮೇಯಲು ಬಿಟ್ಟರೆ ಹುಲ್ಲು ಚಿಗುರುತ್ತದೆ. ಹೊಂಗೆ, ನೇರಳೆ, ಹಲಸು ನೆಡಲು ತಕ್ಕ ಮರಗಳು.

4. ಕೆರೆಯ ಹೂಳನ್ನು ಎತ್ತಿ ಹೊಲಕ್ಕೆ ಹೊಡೆಯಿರಿ. ಅದು ನಮ್ಮ ದಿಣ್ಣೆಯಿಂದ ಹೋದ ಮಣ್ಣೇ. ನೀರು ಬರುವ ಹಳ್ಳಗಳನ್ನು ಒತ್ತುವರಿ ಮಾಡಕೂಡದು.

5. ಹೊಗೆಸೊಪ್ಪು ಬೆಳೆಯುವವರು ಬ್ಯಾರನ್ನಿನ ಬಿರುಕು ಮುಚ್ಚಿ, ಬಾಗಿಲು ಬಿಗಿಮಾಡಿ ಸೌದೆ ಉಳಿಸಬೇಕು. ಬೇಕಾದ ಸೌದೆಯ ಮರಗಳನ್ನು ತಮ್ಮ ಬದುವಿನಲ್ಲಿಯೇ ಬೆಳೆಸಬೇಕು.

6. ನೀರನ್ನು ಮಿತವಾಗಿ ಬಳಸಿರಿ. ನಾಲೆಯ ಮೇಲ್ತುದಿಯವನು ಗದ್ದೆಯಲ್ಲಿ ಹೆಚ್ಚು ನೀರು ನಿಲ್ಲಿಸಿದರೆ ಕಡೆಯ ತುದಿಯವನಿಗೆ ಬಟ್ಟಲೂ ಬಾರದು.

7. ಆನೆ ಬರುವ ಊರುಗಳಲ್ಲಿ ಅರಣ್ಯ ಇಲಾಖೆಯ ಸೂಚನೆಯನ್ನು ಕೇಳಿ ನಡೆಯಿರಿ. ಕತ್ತಲಲ್ಲಿ ಒಬ್ಬರೇ ತಿರುಗಬೇಡಿರಿ. ಬೇಲಿಗೆ ನೇರ ವಿದ್ಯುತ್ ಹರಿಸುವುದು ಅಪರಾಧ. ಅದು ಮನುಷ್ಯನನ್ನೂ ಕೊಲ್ಲುತ್ತದೆ.

ಈ ಕೆಲಸಗಳಲ್ಲಿ ಊರಿಗೆ ಹೊಂದುವುದನ್ನು ಗ್ರಾಮ ಸಭೆಯಲ್ಲಿ ಎತ್ತಿ, ಪಂಚಾಯಿತಿಯ ಕಾಮಗಾರಿ ಪಟ್ಟಿಗೆ ಸೇರಿಸಿರಿ. ಬದು, ಲಾವಂಚದ ಸಲಹೆಗೆ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಕೇಳಿರಿ.

ಚರ್ಚೆಗೆ ಪ್ರಶ್ನೆಗಳು

ಓದಿದ ಮೇಲೆ ನಾಲ್ಕು ಜನ ಅರಳೀಕಟ್ಟೆಯಲ್ಲಿ ಕೂತು ಇವುಗಳಿಗೆ ಉತ್ತರ ಹುಡುಕಿರಿ:

(ಅ) ನಮ್ಮ ಊರಿನ ಕೆರೆಗೆ ಯಾವ ದಿಣ್ಣೆಯಿಂದ ನೀರು ಬರುತ್ತದೆ? ಆ ದಿಣ್ಣೆ ಹಿರಿಯರ ಕಾಲದಲ್ಲಿ ಹೇಗಿತ್ತು, ಈಗ ಹೇಗಿದೆ?

(ಆ) ಮೊದಲ ಮಳೆಯ ನೀರು ನಮ್ಮ ಹೊಲದಿಂದ ಯಾವ ಬಣ್ಣದಲ್ಲಿ ಹೊರಹೋಗುತ್ತದೆ?

(ಇ) ನಮ್ಮ ನಾಲೆಯ ನೀರು ಹುಟ್ಟುವ ಊರಿನ ಜನರಿಗೆ ಯಾವ ಕಷ್ಟವಿದೆಯೆಂದು ನಾವು ಎಂದಾದರೂ ವಿಚಾರಿಸಿದ್ದೇವೆಯೇ?

ಮುಂದಿನ ಮುಂಗಾರಿಗೆ ಮುಂಚೆ ಊರಿಗೊಂದು ದಿಣ್ಣೆಯನ್ನಾದರೂ ಆರಿಸಿಕೊಂಡು ಬದು ಹಾಕಿ, ಹುಲ್ಲು ಹಿಡಿಸಿರಿ. ಎರಡು ಮಳೆಗಾಲ ಕಳೆದ ಮೇಲೆ ಅದರ ಕೆಳಗಿನ ಬಾವಿಯಲ್ಲಿ ನೀರು ಎಷ್ಟಿದೆಯೆಂದು ಅಳೆದು ನೋಡಿರಿ.